ಅಮ್ಮಿಗೆ ಆಗದ ಹೂ

ಅಮ್ಮಿಯ ಗೋರಿಯ ಮೇಲೆ ನಾನು ಬಿತ್ತಿದ್ದು ಕಾಮಕಸ್ತೂರಿ. ಹುಟ್ಟಿದ್ದು, ಬದುಕಿದ್ದಾಗ ಅವಳಿಗೆ ಕಂಡರಾಗದ ಹೂ. ಮಾರ್ಚ್ ತಿಂಗಳ ಮಧ್ಯಾಹ್ನ, ಪರದೇಶದಲ್ಲಿ ನಾವಿದ್ದ ಪೊರಿರುವಾ ಊರಿನ ಗಾಳಿ ಅಪರೂಪಕ್ಕೆ ಪೂರ್ತಿ ನಿಂತಿತ್ತು. ಮೂರು ಹೂಗಳು ನನ್ನ ಕಡೆಗೇ ಮುಖ ಮಾಡಿ ನಿಂತಿದ್ದವು.

ನಾನು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ದೆವ್ವ ಭೂತ ಎಂದರೆ ನಗುವವಳು. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಹರಿಹರದಿಂದ ಅಮ್ಮಿಯನ್ನು ಕರೆಸಿಕೊಂಡ ವರ್ಷ ಪಕ್ಕದ ಮನೆಯ ಮಾರ್ಗರೆಟ್ ಆಂಟಿ ತಮ್ಮ ಹಿತ್ತಲಿನಿಂದ ಆರೆಂಜ್ ಕೋನ್‌ಫ್ಲವರ್ ಗಿಡದ ಒಂದು ಬುಡ ಸೀಳಿ ಕೊಟ್ಟರು. ನೇಟಿವ್ ಗಿಡ, ಸಾಯುವುದೇ ಇಲ್ಲ ಎಂದರು. ಈ ನೆಲದ್ದೇ ಎಂದುಕೊಂಡು ನೆಟ್ಟೆ. ಅದು ಅಮೆರಿಕದ ನೇಟಿವ್ ಎಂದು ಆಮೇಲೆ ಗೊತ್ತಾಯಿತು. ಕಿತ್ತಳೆ ದಳ, ನಡುವೆ ಉಬ್ಬಿದ ಕಪ್ಪು ಗುಬುಟು. ಬಣ್ಣವೇನೋ ನಮ್ಮೂರ ಚೆಂಡುಹೂವಿನದೇ. ಆದರೆ ಚೆಂಡುಹೂ ಯಾರನ್ನೂ ನೋಡುವುದಿಲ್ಲ.

ಮನೆಯೊಳಗೆ ಉರ್ದು ಆಡುವ ಅಮ್ಮಿ ಗಿಡಗಳ ವಿಷಯ ಬಂದರೆ ಹರಿಹರದ ಕನ್ನಡಕ್ಕೇ ಇಳಿಯುತ್ತಿದ್ದಳು.

"ಅದು ನೋಡತೈತಿ. ಕಿತ್ತ್ ಒಗಿ."

"ಹೂ ಎಲ್ಲಾರ ನೋಡತೈತೇನಮ್ಮಿ?"

"ನಾ ಅಡಿಗಿಮನಿಗೆ ಹೋದ್ರ ಆ ಕಡೀಗೇ ತಿರಗತೈತಿ."

ಭೂಮಿಯ ದಕ್ಷಿಣಾರ್ಧದ ಈ ದೇಶದಲ್ಲಿ ಋತುಗಳು ತಿರುಗುಮುರುಗು, ಮೇ ತಿಂಗಳಲ್ಲಿ ಚಳಿ ಬಿತ್ತು. ದಳ ಉದುರಿ, ಕಡ್ಡಿಗಳ ತುದಿಯಲ್ಲಿ ಕಪ್ಪು ಗುಬುಟುಗಳಷ್ಟೇ ಉಳಿದವು. ಅಮ್ಮಿ ಅಡುಗೆಮನೆಯ ಪರದೆ ಸರಿಸುವುದನ್ನೇ ಬಿಟ್ಟಳು. ಒಂದು ದಿನ ನನ್ನ ಕೈ ಹಿಡಿದು, "ನಾ ಇಲ್ಲೇ ಸತ್ರ, ಒಬ್ಬಾಕಿನ್ನ ಬಿಟ್ಟ್ ಹೋಗಬ್ಯಾಡ" ಎಂದಳು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಅವಳ ಸಮಾಧಾನಕ್ಕೆ ಗಿಡವನ್ನೂ ಕಿತ್ತೆ. ನಮ್ಮೂರಲ್ಲಿ ಒಣಗಿತೆಂದರೆ ಸತ್ತಿತು ಎಂದೇ ಲೆಕ್ಕ. ಇಲ್ಲಿ ಮೇಲೆ ಒಣಗಿ ಬೇರಿನಲ್ಲಿ ಬದುಕುವ ಗಿಡಗಳಿಗೇ ಒಂದು ಪಾತಿ ಇರುತ್ತದೆ, ಪೆರೆನಿಯಲ್ ಬೆಡ್ ಎನ್ನುತ್ತಾರೆ. ನಾನು ಎಳೆದದ್ದು ಬರೀ ಕಡ್ಡಿ.

ಜುಲೈಯಲ್ಲಿ ಅಮ್ಮಿ ಹೋದಳು.

ಹರಿಹರದಲ್ಲಿ ನಮ್ಮ ಮನೆಯ ಹೆಂಗಸರು ಖಬರಸ್ತಾನದೊಳಗೆ ಕಾಲಿಡುವುದಿಲ್ಲ. ನಮ್ಮ ತಂದೆ, ಅಬ್ಬಾರ ಗೋರಿಯನ್ನು ನಾನು ಗೇಟಿನಾಚೆಯಿಂದಷ್ಟೇ ನೋಡಿದ್ದು. ಇಲ್ಲಿ ಯಾರೂ ತಡೆಯಲಿಲ್ಲ. ಗೋರಿಯ ಮೇಲೆ ಕಾಮಕಸ್ತೂರಿ ಬೆಳೆಸುವುದು ನಮ್ಮ ಕಡೆಯ ಪದ್ಧತಿ. ಅಮ್ಮಿಯ ಗೋರಿಯ ಮಣ್ಣು ಜಿಗುಟು ಜೇಡಿ ಎಂದು, ಗಿಡ ಕಿತ್ತ ಜಾಗದಿಂದಲೇ ಒಂದು ಬಕೆಟ್ ಮಣ್ಣು ಅಗೆದು ಒಯ್ದು, ಹರಡಿ, ಬೀಜ ಚೆಲ್ಲಿದೆ. ಆಗಸ್ಟ್ ತಿಂಗಳು. ಆ ಚಳಿಗೆ ನಮ್ಮ ಬೀಜ ಮೊಳೆಯುವುದಿಲ್ಲ ಎನ್ನುವಷ್ಟು ಬುದ್ಧಿಯೂ ನನಗಿರಲಿಲ್ಲ.

ಆಮೇಲೆ ನಾನು ಅತ್ತ ಸುಳಿಯಲಿಲ್ಲ. ನನ್ನ ಗಂಡ ಇಮ್ತಿಯಾಜ್‌ಗೆ ಇದೇ ದೇಶದ, ಸಮುದ್ರದಾಚೆಯ ಇನ್ನೊಂದು ದ್ವೀಪದಲ್ಲಿ, ರಿಕ್ಕರ್ಟನ್‌ನಲ್ಲಿ ಕೆಲಸ ಸಿಕ್ಕಿತ್ತು. ಕೊಟ್ಟ ಮಾತಿಗೆ ತಪ್ಪಲು ಹೊರಟವಳು ಯಾವ ಮುಖ ಹೊತ್ತು ಹೋಗಲಿ? ಕೊನೆಗೆ ಮಾರ್ಚಿನಲ್ಲಿ, ಹೊರಡುವ ಹಿಂದಿನ ದಿನ ಹೇಳಿಬರಲು ಹೋದೆ. ಅಲ್ಲಿ ಅವು ನಿಂತಿದ್ದವು.

ಬಕೆಟ್ ಮಣ್ಣಿನಲ್ಲಿ ಬೇರಿನ ತುಂಡು ಬಂದಿದೆ, ಅಷ್ಟೇ. ತಲೆಗೆ ತಕ್ಷಣ ಹೊಳೆಯಿತು, ಎದೆ ಒಪ್ಪಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಸುತ್ತಲ ಹುಲ್ಲೆಲ್ಲ ಮಲಗಿತು. ಆ ಮೂರು ಮಾತ್ರ ಅಲುಗಲಿಲ್ಲ. ಮಂಡಿಯೂರಿ ಒಂದರ ಬುಡಕ್ಕೆ ಕೈ ಹಾಕಿದೆ. ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ ಬಿಗಿಯಾಗಿತ್ತು.

ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ಕೇಳಿದ: "ಅದು ನಿಮ್ಮದಾ? ಕಳೆಯಾದರೆ ನಾನೇ ತೆಗೆದುಬಿಡ್ತೀನಿ."

ಅಮ್ಮಿಗೆ ಆಗದ ಹೂ. ಈ ದೇಶದ್ದೂ ಅಲ್ಲ, ನಮ್ಮೂರಿನದೂ ಅಲ್ಲ. ಆದರೆ ನಾಳೆಯಿಂದ ಅವಳ ಬಳಿ ಇರುವುದು ಅದೊಂದೇ.

"ನಮ್ಮದೇ," ಎಂದೆ. "ಇರಲಿ ಬಿಡಿ."

ಈಗ ರಿಕ್ಕರ್ಟನ್‌ನಲ್ಲಿದ್ದೇನೆ. ಸಪಾಟು ಊರು, ಬೆಚ್ಚಗಿನ ಮನೆ, ನಡೆದು ಹೋಗುವಷ್ಟು ಹತ್ತಿರ ಮಾಲ್. ಮೊನ್ನೆ ಚಹಾ ಕುಡಿಯುತ್ತ, "ರಜೆ ಹಾಕಿ ಊರಿಗೆ ಹೋಗಬೇಕು" ಎಂದೆ.

"ಹರಿಹರಕ್ಕಾ? ಟಿಕೆಟ್ ನೋಡ್ಲಾ?" ಇಮ್ತಿಯಾಜ್ ಫೋನ್ ಕೈಗೆತ್ತಿಕೊಂಡರು.

"ಅಲ್ಲ, ಪೊರಿರುವಾಕ್ಕೆ."

ಬಾಯಿಂದ ಬಂದದ್ದು ಕೇಳಿ ನನಗೇ ಭಯವಾಯಿತು. ಹರಿಹರದ ಗೇಟಿನಾಚೆ ಅಬ್ಬಾ ಇನ್ನೂ ಒಬ್ಬರೇ ಇದ್ದಾರೆ.