ಅವರು ಅಂದರೆ ಯಾರು

ಸಮಾಲೋಚನೆ ಎಂಬ ಶಬ್ದ ನಮ್ಮ ಹಾನಗಲ್ಲಿಗೆ ಆಗ ಇನ್ನೂ ಬಂದಿರಲಿಲ್ಲ. ಇದ್ದದ್ದು ಬುದ್ಧಿ ಹೇಳುವುದು. ಗಂಡ ಕುಡಿದರೆ ಹೆಂಡತಿಗೆ ಬುದ್ಧಿ ಹೇಳುತ್ತಿದ್ದರು, ಸೊಸೆ ಅತ್ತರೆ ಸೊಸೆಗೇ ಬುದ್ಧಿ ಹೇಳುತ್ತಿದ್ದರು. ಹೇಳುವವರಿಗೆ ಬರವಿರಲಿಲ್ಲ, ಕೇಳುವವರು ಮಾತ್ರ ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಮುಂದೆ ಊರು ಬಿಟ್ಟು ಜನರ ಕಷ್ಟ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನಗೆ ಮೊದಲ ಪಾಠವಾದದ್ದು ಕಾಕಾನ ಮನೆಯ ನಡುಮನೆಯಲ್ಲಿ. ಪಾಠ ಎನ್ನುವುದಕ್ಕಿಂತ ತಲೆಚಿಟ್ಟು ಎಂದರೆ ಸರಿ.

ಕಾಕಾ ವಕೀಲರು. ಶಿಗ್ಗಾಂವಿ, ಹಿರೇಕೆರೂರು ಕಡೆಯಿಂದ, ನವಾಬರ ಸವಣೂರಿನಿಂದಲೂ ಕಕ್ಷಿಗಾರರು ಬರುತ್ತಿದ್ದರು. ಮನೆಮಂದಿಯ ಜಗಳಗಳನ್ನು ಕೋರ್ಟಿಗೆ ಹೋಗಗೊಡದೆ ಪಡಸಾಲೆಯ ಜಮಖಾನೆಯ ಮೇಲೇ ರಾಜಿ ಮಾಡಿಸುವುದು ಅವರ ಹೆಮ್ಮೆ. ಆದರೆ ಹೆಂಗಸರು ಗಂಡಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. "ನೀ ಒಳಗ ಕೂತು ಹೆಣ್ಮಕ್ಕಳನ್ನ ಕೇಳು. ಯಾರು, ಏನು, ಯಾವಾಗ, ಇಷ್ಟ ಬಂದು ನನಗ ಹೇಳು," ಎಂದರು ಕಾಕಾ. ನನಗೋ ಸ್ವರ್ಗಕ್ಕೆ ಮೂರೇ ಗೇಣು.

ಆ ಸಂಭ್ರಮ ಬಹಳ ದಿನ ಬಾಳಲಿಲ್ಲ. ಸೊಸೆಯನ್ನು ಕೇಳಿದರೆ ಅತ್ತೆ ಉತ್ತರ ಕೊಡುವಳು, ಅತ್ತೆಯನ್ನು ಕೇಳಿದರೆ ನಾದಿನಿ. ಆಡೂರಿನಿಂದ ಬಂದವಳೊಬ್ಬಳಿಗೆ ಹೊಟ್ಟೆನೋವು ಎಲ್ಲಿ ಎಂದು ಕೇಳಿದೆ. ಅವಳ ಸೋದರತ್ತೆ ತನ್ನ ಹೊಟ್ಟೆಯನ್ನೇ ಮುಟ್ಟಿ ತೋರಿಸಿದಳು. ನಗು ಬರಬೇಕಾದಲ್ಲಿ ನನಗೆ ಮೈ ಉರಿಯುತ್ತಿತ್ತು. ಇನ್ನು ನಮ್ಮಜ್ಜಿ. ಅಡಿಗೆಮನೆಯಲ್ಲಿ ಕೂತಲ್ಲಿಂದಲೇ, "ಹೊಂದಿಕೊಂಡು ಹೋಗಬೇಕವಾ," ಎಂದು ಎಲ್ಲ ರೋಗಕ್ಕೂ ಒಂದೇ ಔಷಧ ಕೊಡುತ್ತಿದ್ದಳು.

ಯುದ್ಧದ ವರ್ಷಗಳಲ್ಲಿ ಒಮ್ಮೆ, ಸುಗ್ಗಿ ಮುಗಿದ ಮೇಲೆ, ದುಂಡಸಿಯ ರೈತನೊಬ್ಬ ಮಗಳನ್ನು ಕರೆತಂದ. ಚಿಕ್ಕೇರೂರಿಗೆ ಕೊಟ್ಟ ಹುಡುಗಿ. ಎರಡು ಸಲ ತವರಿಗೆ ಓಡಿ ಬಂದಿದ್ದಳು. ಅವಳನ್ನು ಕರೆದೊಯ್ಯಲು ಅತ್ತೆ ತನ್ನ ತಮ್ಮನ ಜೊತೆ ಚಕ್ಕಡಿ ಕಟ್ಟಿಸಿಕೊಂಡು ಬಂದಿದ್ದಳು. ಗಂಡ ಬಂದಿರಲಿಲ್ಲ. ರಾಜಿಯಾದರೆ ಹುಡುಗಿ ಅದೇ ಮಧ್ಯಾಹ್ನ ಆ ಚಕ್ಕಡಿ ಹತ್ತಬೇಕು. ಆಗದಿದ್ದರೆ ಅಪ್ಪನ ಜೊತೆ ದುಂಡಸಿಗೆ ಮರಳಬಹುದು.

"ಯಾಕ ಓಡಿ ಬಂದಿವಾ?" ಎಂದು ಕಾಕಾ ಪಡಸಾಲೆಯಿಂದ ಕೇಳಿದರು.

ಹುಡುಗಿ ನಡುಮನೆಯ ಬಾಗಿಲ ಮರೆಯಲ್ಲಿ ನಿಂತು, "ಅವರು ಹೊಡೀತಾರ್ರಿ," ಎಂದಳು. ಪಕ್ಕದಲ್ಲೇ ಅತ್ತೆ ನಿಂತು ಸೊಸೆಯ ಸೆರಗು ಸರಿಮಾಡುತ್ತಿದ್ದಳು.

ನಮ್ಮ ಕಡೆ ಗಂಡನ ಹೆಸರು ಹೇಳುವ ಹೆಂಗಸಿಲ್ಲ. ಅವರು ಎಂದರೆ ಅವರೇ, ಇನ್ನಾರು? ಪಡಸಾಲೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಕಾಕಾ ಗಂಭೀರವಾದರು. "ಹಂಗಾದ್ರ ಅಳಿಯಾ ಬಂದು ನನ್ನ ಮುಂದ ಕೂಡಬೇಕು. ಇನ್ನೊಮ್ಮೆ ಕೈ ಎತ್ತೂದಿಲ್ಲಂತ ನಾಕು ಮಂದಿ ಮುಂದ ಆಣಿ ಮಾಡಬೇಕು. ಅಲ್ಲೀತನಕಾ ಹುಡುಗಿ ತವರಮನ್ಯಾಗ ಇರ್ಲಿ," ಎಂದರು. ಅಪ್ಪ ಒಪ್ಪಿದ. ಅತ್ತೆಯ ತಮ್ಮನೂ ಗೊಣಗುತ್ತ ಒಪ್ಪಿದ.

ಆದರೆ ಕಾಕಾ ಹೇಳಿದ್ದರಲ್ಲಿ 'ಯಾವಾಗ' ಎಂಬುದು ನನಗೆ ಇನ್ನೂ ಸಿಕ್ಕಿರಲಿಲ್ಲ. ಕೈಕಾಲು ತೊಳೆದುಕೊಳ್ಳಿರೆಂದು ಅತ್ತೆಯನ್ನು ಹಿತ್ತಲಿಗೆ ಕಳಿಸಿ ಹುಡುಗಿಯನ್ನು ಕೂಡಿಸಿಕೊಂಡೆ.

"ಯಾವಾಗ ಹೊಡೀತಾರ?"

"ರೊಟ್ಟಿ ಬಡಿಯೂ ಮುಂದ್ರಿ."

"ಆವಾಗ ಅವರು ಹೊಲಕ್ಕ ಹೋಗಿರೂದಿಲ್ಲೇನು?"

"ಹೊಲಕ್ಕ ಎಲ್ಲಿ ಹೋಗ್ತಾರ್ರಿ. ಒಲಿ ಮುಂದನ ಕುಂತಿರ್ತಾರ."

"ಅವರು ಅಂದ್ರ ಯಾರವಾ?"

ಅವಳು ಗದ್ದ ಎತ್ತಿ ಹಿತ್ತಲ ಬಾಗಿಲು ತೋರಿಸಿದಳು. ನಾನು ಸೆರಗು ಸರಿಸಿ ನೋಡಿದೆ. ಬೆನ್ನ ತುಂಬ ಊದುಗೊಳವೆಯ ಬಾಸುಂಡೆಗಳು, ಹೊಸವು, ಹಳೆಯವು.

ನನಗೆ ಸಿಟ್ಟು ಬಂತು, ಅದರ ಜೊತೆಗೇ ಹಿಗ್ಗೂ ಆಯಿತು. ಇಡೀ ಪಡಸಾಲೆಗೆ ತಿಳಿಯದ್ದು ನನಗೆ ತಿಳಿದಿತ್ತು. ಕಾಕಾನನ್ನು ಬಾಗಿಲ ಹತ್ತಿರ ಕರೆದು ಎಲ್ಲ ಹೇಳಿದೆ.

"ಅತ್ತೀನಾ?" ಕಾಕಾನ ಮುಖ ಅರಳಿತು. "ಅಂದ್ರ ಗಂಡ ಹೊಡದಿಲ್ಲ!"

"ಬೆನ್ನು ನೋಡೀನಿ ಕಾಕಾ. ಬಾಸುಂಡಿ ಎದ್ದಾವ."

"ಗಂಡ ಹೊಡದ್ರ ಅದು ತಕರಾರು. ಅತ್ತಿ ಹೊಡದ್ರ ಅದು ಸಂಸಾರ. ಅದಕ್ಕ ಯಾವ ವಕೀಲ ಏನು ಮಾಡ್ಯಾನು?"

ಹೊರಗೆ ಹೋಗಿ, ಅಳಿಯನದೇನೂ ತಪ್ಪಿಲ್ಲ, ಇದು ಬರೀ ಅತ್ತೆ ಸೊಸೆಯ ಮಾತು ಎಂದರು. ಎಲ್ಲರ ಎದೆಯೂ ಹಗುರಾಯಿತು. ಹುಡುಗಿಯ ಅಪ್ಪನಂತೂ ರುಮಾಲು ಸರಿಮಾಡಿಕೊಂಡು ನಕ್ಕ. ಅಳಿಯ ಒಳ್ಳೆಯವನೆಂದು ಗೊತ್ತಾಯಿತಲ್ಲ! ಎಲೆಅಡಿಕೆಯ ತಟ್ಟೆ ಒಂದು ಸುತ್ತು ಬಂತು. ನಾನು ಹೊಸ್ತಿಲು ದಾಟಿ, "ಇದು ಅನ್ಯಾಯ," ಎಂದು ಕೂಗಿದೆ. ಪರಗಂಡಸರ ಮುಂದೆ ಹೋದೆನೆಂದು ಅಜ್ಜಿ ರಟ್ಟೆ ಹಿಡಿದು ಒಳಗೆ ಎಳೆದಳು. ಕಾಕಾ ತಿರುಗಿಯೂ ನೋಡಲಿಲ್ಲ.

ನಾನು ಕೇಳಿದ್ದು ತಪ್ಪೆಂದು ಇಂದಿಗೂ ಒಪ್ಪುವುದಿಲ್ಲ. ಮುಂದೆ ನನಗೆ ಈ ಕೆಲಸ ಕಲಿಸಿದವರೂ ಹಾಗೆಯೇ ಬಿಡಿಸಿ ಕೇಳು ಎಂದರು. ಬಿಡಿಸಿಕೊಂಡದ್ದನ್ನು ಯಾರ ಕೈಗೆ ಕೊಡಬೇಕೆಂದು ಮಾತ್ರ ಅವರೂ ಕಲಿಸಲಿಲ್ಲ. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಚಕ್ಕಡಿ ಹೊರಟಾಗ ಕುಂಕುಮ ಹಚ್ಚುವ ನೆವದಿಂದ ಹತ್ತಿರ ಹೋದೆ. ಹುಡುಗಿ ಅಳುತ್ತಿರಲಿಲ್ಲ. ಹಣೆ ಮುಂದೆ ಮಾಡಿ, ನನಗಷ್ಟೇ ಕೇಳುವಂತೆ ಅಂದಳು: "ಅತ್ತಿ ಅಂತ ತಿಳದ್ರ ನನ್ನ ಕಳಸ್ತಾರಂತ ಗೊತ್ತಿತ್ರಿ ಅಕ್ಕಾರ. ಅದಕ್ಕ ಬರೇ ಅವರು ಅಂದಿದ್ದೆ."

ಚಕ್ಕಡಿಯೊಳಗಿಂದ ಅತ್ತೆ ಬಗ್ಗಿ ನೋಡಿದಳು. "ಏನ್ ಅನ್ನಾಕತ್ತಾಳ್ರಿ ಅಕ್ಕಾರ?"

"ಹೋಗಿ ಬರ್ತೇನಿ ಅಂದ್ಲು," ಎಂದೆ.