ತೊಳೆದ ಮೇಲೆ ಮುಟ್ಟಬಾರದು

ದಿಲ್ಲಿಯ ಓಖ್ಲಾದ ಒಂದು ಶೆಡ್ಡಿನಲ್ಲಿ ಮುರಳೀಧರ ಟ್ರೇಲರಿನ ಬಿಡಿಭಾಗಗಳಿಗೆ ಬಣ್ಣ ಹೊಡೆಯಲು ಶುರುಮಾಡಿ ಇಪ್ಪತ್ತೆಂಟು ವರ್ಷ. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರು. ಮಗನೂ ಫೈಲು ಹಿಡಿಯಲಿ ಎಂದು ಆಸೆಪಟ್ಟರು. ಮಗ ಮೂರು ಸಲ ಪರೀಕ್ಷೆ ಬರೆದು, ಮೂರು ಸಲವೂ ಡುಮ್ಕಿ ಹೊಡೆದು, ಕೊನೆಗೆ ಐಟಿಐ ಮುಗಿಸಿ ಸ್ಪ್ರೇ ಗನ್ನು ಹಿಡಿದ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಯಾರಾದರೂ ಕೆಲಸ ಕೇಳಿದರೆ ಇವತ್ತಿಗೂ "ಟ್ರೇಲರ್ ಕಂಪನಿಯಲ್ಲಿದ್ದೀನಿ" ಎಂದಷ್ಟೇ ಹೇಳಿ ಸಾರು ಬಡಿಸುವವರ ಕಡೆ ತಿರುಗಿಕೊಳ್ಳುತ್ತಾನೆ.

ಆದರೆ ಕೆಲಸದಲ್ಲಿ ಅವನ ಗತ್ತೇ ಬೇರೆ. ಸತುವಿನ ಲೇಪ ಹಾಕಿಸಿಕೊಂಡು ಬರುವ ಕೀಲು, ಕೊಂಡಿಗಳು ಮದುವೆಮನೆಯ ಬೆಳ್ಳಿ ಲೋಟದ ಹಾಗೆ ಹೊಳೆಯುತ್ತವೆ. ಆ ಹೊಳಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಸೋಪಿನ ನೀರಲ್ಲಿ ಜಿಡ್ಡು ತೆಗೆಯಬೇಕು, ನಯವಾದ ಉಪ್ಪುಕಾಗದದಿಂದ ಉಜ್ಜಬೇಕು, ಮತ್ತೆ ತೊಳೆಯಬೇಕು. ಮೇಲೆ ನೀರು ಸುರಿದರೆ ಒಂದೇ ಹಾಳೆಯಾಗಿ ಇಳಿಯಬೇಕು. ಹನಿ ಹನಿಯಾಗಿ ನಿಂತರೆ ಜಿಡ್ಡು ಹೋಗಿಲ್ಲ ಎಂದರ್ಥ. ಆಮೇಲೆ ಒಣಗಿಸಿ, ತೆಳ್ಳಗೆ ಪ್ರೈಮರ್, ಅದರ ಮೇಲೆ ಬಣ್ಣ. ತೊಳೆದದ್ದನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೋ, ಮುರಳೀಧರ ಅವರ ಜನ್ಮ ಜಾಲಾಡಿಬಿಡುತ್ತಿದ್ದ. ಒಮ್ಮೆ ಮಾಲೀಕರ ಅಳಿಯನಿಗೇ "ಕೈ ತೆಗೀರಿ ಸಾಹೇಬ್" ಅಂದಿದ್ದ.

ಜನವರಿಯ ಒಂದು ಬೆಳಿಗ್ಗೆ ಮ್ಯಾನೇಜರ್ ಭಾಟಿಯಾ ಒಂದು ಮೂಟೆ ತಂದು ನೆಲಕ್ಕೆ ಸುರಿದ. ಅರವತ್ತು ಕೀಲುಗಳು. ಬಣ್ಣ ಎದ್ದು ಬಂದಿದೆ ಎಂದು ಗಿರಾಕಿ ವಾಪಸು ಕಳಿಸಿದ್ದ.

"ಇದನ್ನ ತೊಳೆದೋನು ಯಾರು?"

ತೊಳೆಯುವವನು ರಾಮ್‌ಸಕಲ್. ಉತ್ತರಪ್ರದೇಶದ ಬಲಿಯಾ ಕಡೆಯವನು, ಐವತ್ತು ದಾಟಿದವನು, ಹನ್ನೆರಡು ವರ್ಷದಿಂದ ಸೋಪಿನ ತೊಟ್ಟಿಯ ಮುಂದೆ ನಿಂತು ಅಂಗೈಯೆಲ್ಲ ಬಿರಿದಿತ್ತು.

"ನಾನು ಸರಿಯಾಗೇ ತೊಳೆದಿದ್ದೆ, ಸಾಹೇಬ್," ಎಂದು ಅವನು ಮುರಳೀಧರನ ಮುಖ ನೋಡಿದ.

"ಸಾಯಂಕಾಲ ನಿನ್ನ ಲೆಕ್ಕ ಚುಕ್ತಾ, ಇಲ್ಲಿಂದ ಛುಟ್ಟಿ," ಎಂದ ಭಾಟಿಯಾ.

"ನಾನೊಂದು ಸಲ ನೋಡ್ತೀನಿ, ಅಲ್ಲೀವರೆಗೂ ತಡೀರಿ," ಎಂದು ಮುರಳೀಧರ ಮೂಟೆಯನ್ನು ಹೊರಗೆ ಎಳೆದುಕೊಂಡು ಹೋದ.

ಮಂಜು ಕರಗಿ ಬಿಸಿಲು ಬಂದಿತ್ತು, ಹೆಸರಿಗೆ ಮಾತ್ರ. ಸೊಂಟ ಹಿಡಿದುಕೊಂಡು ಕೂತ. ಬಣ್ಣದ ಗಾಳಿ ಕುಡಿದೂ ಕುಡಿದೂ ಎದೆ ಕಟ್ಟಿಕೊಂಡಂತಿರುತ್ತದೆ. ಒಂದೊಂದು ಕೀಲು ಎತ್ತಲೂ ಬೇಸರ. ಹತ್ತು ಕೀಲು ನೋಡುವಷ್ಟರಲ್ಲಿ ಅವನ ಕೈ ನಿಂತಿತು. ಎಲ್ಲದರಲ್ಲೂ ಬಣ್ಣ ಎದ್ದಿದ್ದು ಒಂದೇ ಕಡೆ, ನಟ್ಟನಡುವೆ, ಬೆರಳಿನ ತುದಿಯಷ್ಟಗಲ. ತೊಳೆಯುವುದು ಕೆಟ್ಟಿದ್ದರೆ ಅಲ್ಲಲ್ಲಿ, ಅಡ್ಡಾದಿಡ್ಡಿ ಏಳುತ್ತಿತ್ತು.

ಆ ಬೆರಳು ಯಾರದೆಂದು ಅವನಿಗೆ ಗೊತ್ತಾಯಿತು.

ದಿಲ್ಲಿಯ ಶೆಡ್ಡುಗಳಲ್ಲಿ ಯಂತ್ರಗಳ ಪೂಜೆಯೆಲ್ಲ ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಗೇ ಮುಗಿದುಹೋಗುತ್ತದೆ. ಮುರಳೀಧರನಿಗೆ ಮಾತ್ರ ಆಯುಧಪೂಜೆ ಮಾಡದಿದ್ದರೆ ಸಮಾಧಾನವಿಲ್ಲ. ಪ್ರತಿ ವರ್ಷ ಗನ್ನಿಗೂ ಕಂಪ್ರೆಸರಿಗೂ ಕುಂಕುಮ ಇಟ್ಟು ಸುಮ್ಮನಾಗುತ್ತಿದ್ದ. ಈ ಸಲ, ಮೂರು ತಿಂಗಳ ಹಿಂದೆ, ತೊಳೆದ ಅರವತ್ತು ಕೀಲು ಸಾಲಾಗಿ ಕೂತಿದ್ದವು, ನೋಡಲು ಚೆಂದವಿದ್ದವು. ಇವಕ್ಕೂ ಒಂದೊಂದು ಬೊಟ್ಟು ಇರಲಿ ಎನ್ನಿಸಿತು. ಒಣಗಿದ ಸತುವಿನ ಮೇಲೆ ಪುಡಿ ಕುಂಕುಮ ನಿಲ್ಲಲಿಲ್ಲ. ಹೆಂಡತಿ ಸರಳಾ ದೀಪಕ್ಕೆಂದು ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಟ್ಟ. ಮಂಗಳಾರತಿ ಆದ ಮೇಲೆ ಬಟ್ಟೆಯಲ್ಲಿ ಒರೆಸಿ ಬಣ್ಣ ಹೊಡೆದ. ನೀರು ಸುರಿದು ನೋಡುವುದು ತಲೆಗೇ ಹೊಳೆಯಲಿಲ್ಲ. ದೇವರ ಕೆಲಸದಲ್ಲಿ ಜಿಡ್ಡು ಎಲ್ಲಿಂದ ಬರಬೇಕು!

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸುಮ್ಮನಿದ್ದುಬಿಟ್ಟರೆ ಆಯಿತು, ಹೇಗೂ ರಾಮ್‌ಸಕಲ್‌ನ ತಲೆಗೆ ಕಟ್ಟಿಯಾಗಿದೆ ಎಂಬ ಯೋಚನೆಯೂ ಬಂತು. ಬಂದದ್ದು ಹೋಗಲು ಊಟದ ಹೊತ್ತಿನವರೆಗೂ ಬೇಕಾಯಿತು. ಡಬ್ಬಿ ಬಿಚ್ಚಲೇ ಇಲ್ಲ. ಒಂದು ಕೀಲು ಹಿಡಿದು ಎದ್ದು ಹೋಗಿ ಭಾಟಿಯಾನ ಮುಂದೆ ಎಲ್ಲವನ್ನೂ ಹೇಳಿದ.

ಭಾಟಿಯಾ ಕೀಲನ್ನು ತಿರುವಿ ನೋಡಿದ. "ಅಚ್ಛಾ. ನಾಳೆಯಿಂದ ಗನ್ನು ಅವನು ಹಿಡೀಲಿ. ತೊಟ್ಟಿ ಹತ್ರ ನೀವು ನಿಲ್ಲಿ."

ಹೊರಗೆ ರಾಮ್‌ಸಕಲ್ ನಿಂತಿದ್ದ. "ಬೊಟ್ಟಿನ ಜಾಗ ಅಂತ ನನಗೆ ಬೆಳಿಗ್ಗೆನೇ ಗೊತ್ತಾಗಿತ್ತು, ಭಯ್ಯಾ."

"ಮತ್ತೆ ಯಾಕೆ ಹೇಳಲಿಲ್ಲ?"

"ಆವತ್ತು ನಾನೂ ಕೈ ಮುಗಿದಿದ್ದೆನಲ್ಲ. ನಿಮ್ಮ ಪೂಜೆ, ನೀವೇ ಹೇಳ್ತೀರಿ ಅಂತ ಕಾದೆ."

ಮರುದಿನ ತೊಟ್ಟಿಯ ನೀರು ಕೊರೆಯುತ್ತಿತ್ತು. ಮುರಳೀಧರ ಅರವತ್ತು ಕೀಲುಗಳ ಬಣ್ಣವನ್ನೂ ಕೆರೆದು, ಉಜ್ಜಿ, ತೊಳೆದು, ಒಂದೊಂದರ ಮೇಲೂ ನೀರು ಸುರಿದು ನೋಡಿ ಗವಸು ತೊಟ್ಟು ಹಲಗೆಯ ಮೇಲೆ ಜೋಡಿಸಿದ. ಬೆರಳುಗಳು ಮರಗಟ್ಟಿದ್ದವು. ಕೊನೆಯದು ನಯವಾಗಿದೆಯೋ ಇಲ್ಲವೋ ನೋಡೋಣವೆಂದು, ಗವಸು ಕಳಚಿದ್ದನ್ನು ಮರೆತು, ಅದರ ನಡುವೆ ಬೆರಳಿಟ್ಟ.

"ಭಯ್ಯಾ, ಕೈ," ಎಂದ ರಾಮ್‌ಸಕಲ್, ಮೆಲ್ಲಗೆ, ಗನ್ನು ಹಿಡಿದುಕೊಂಡೇ.

ಮುರಳೀಧರ ಕೈ ಹಿಂದೆಗೆದ. ಆ ಕೀಲನ್ನು ಎತ್ತಿ ಮತ್ತೆ ತೊಟ್ಟಿಗೆ ಇಳಿಸಿದ.