ಹನಮಂತವ್ವ ತೊಲೆಗೆ ಕಟ್ಟಿದ ರಾಟೆ

ಕಳಸಾಪುರದ ನಮ್ಮ ಓಣಿಯಲ್ಲಿ, ಹನುಮಪ್ಪನ ಗುಡಿಯ ಮುಂದೆ, ಒಂದು ಗುಂಡುಕಲ್ಲು ಬಿದ್ದಿದೆ. ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದವನಿಗೆ ಹಿರಿಯರು ತಲೆಗೆ ಪಟಗಾ ಸುತ್ತುವುದು ಊರ ಪದ್ಧತಿ. ಹೊಳೆಯಪ್ಪ ಹರೆಯದಲ್ಲಿ ವರ್ಷ ವರ್ಷವೂ ಪಟಗಾ ಸುತ್ತಿಸಿಕೊಂಡ. ಅವನ ಹೆಂಡತಿ ಹನಮಂತವ್ವ ಆ ಪಟಗಾಗಳನ್ನು ಒಗೆದು ಒಣಹಾಕಿದಳು. ಊರಲ್ಲಿ ಆಡಿದ್ದೆಲ್ಲ ಅವನ ಸುದ್ದಿ. ನಾನು ಹೇಳಹೊರಟಿದ್ದು ಅವಳ ಸುದ್ದಿ.

ಹೊಳೆಯಪ್ಪ ಗದಗಿನ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಉಳಿದ ಹಮಾಲರು ಶೇಂಗಾ ಚೀಲಗಳನ್ನು ಎರಡು ಗಾಲಿಯ ಕೈಗಾಡಿಯ ಮೇಲೆ ದೂಡತೊಡಗಿದ ಮೇಲೂ ಇವನು ಬೆನ್ನ ಮೇಲೆಯೇ ಹೊತ್ತ. ಮನೆಯ ಬಾವಿಯಲ್ಲಿ ನೀರು ಸೇದುವಾಗ ಸಹ ಹಗ್ಗವನ್ನು ರಾಟೆಯಿಂದ ಬಿಡಿಸಿ ಬರಿಗೈಯಲ್ಲಿ ಎಳೆಯುತ್ತಿದ್ದ. “ರಾಟಿ ಹೆಣಮಕ್ಕಳಿಗೆ ಮಾಡ್ಯಾರ,” ಎನ್ನುತ್ತಿದ್ದ. ಸೊಕ್ಕು ಅಂದರೆ ಸೊಕ್ಕೇ. ಪಕ್ಕದ ಮನೆಯ ನನಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹನಮಂತವ್ವ ಮಾತ್ರ ಹಗ್ಗವನ್ನು ತಿರುಗಿ ರಾಟೆಗೆ ಹಾಕಿ, ತನ್ನ ಕೊಡ ತುಂಬಿಕೊಂಡು ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ಹೊಳೆಯಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು, ಬಾಯಿ ಸೊಟ್ಟಾಯಿತು. ದವಾಖಾನೆಯಿಂದ ಕರೆತಂದ ದಿನ ನಾವು ಓಣಿಯ ನಾಲ್ವರು ಒಂದು ಜಮಖಾನೆಯ ನಾಲ್ಕು ಮೂಲೆ ಹಿಡಿದು ಅವನನ್ನು ಒಳಗೆ ಹೊತ್ತು ಹೊರಸಿನ ಮೇಲೆ ಮಲಗಿಸಿದೆವು. ಮಲಗಿದವನು ತೊದಲುತ್ತ ಒಂದು ಮಾತು ಹೇಳಿದ.

“ನಾಕ ಮಂದಿ ಹೊರೂದು ಜಲ್ಮದಾಗ ಒಂದ ಸಲ. ನಂದು ಇವತ್ತ ಮುಗೀತು. ಇನ್ನ ಯಾರೂ ಮುಟ್ಟಬ್ಯಾಡ್ರಿ.”

ನಾಲ್ಕು ಜನ ಹೊರುವುದು ಹೆಣವನ್ನು. ಅವನಿಗೆ ಬದುಕಿದ್ದಾಗಲೇ ಆ ಅಪಶಕುನ ಎರಡನೇ ಸಲ ಬೇಕಿರಲಿಲ್ಲ. ಆಮೇಲೆ ನಾವು ಯಾರು ಹೋಗಿ ಕೈ ಚಾಚಿದರೂ ಬಲಗೈಯಿಂದ ದೂಡುತ್ತಿದ್ದ.

ಮಗಳು ಪ್ರಿಯಾಂಕಾ ಗದಗಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ಒಂದು ಗಾಲಿಕುರ್ಚಿ ತಂದುಕೊಟ್ಟಳು. ಹೊರಸಿನಿಂದ ಕುರ್ಚಿಗೆ ಒಂದು ಮೊಳ ದೂರ. ಆ ಮೊಳವನ್ನು ದಾಟಿಸುವವರಿಲ್ಲದೆ ಕುರ್ಚಿಯ ಮೇಲೆ ಸೀರೆ ಒಣಗತೊಡಗಿದವು. ಹೊಳೆಯಪ್ಪನಿಗೆ ಬೇಕಾದದ್ದು ಒಂದೇ, ಗುಡಿಯ ಕಟ್ಟೆಗೆ ಹೋಗಿ ನಾಲ್ಕು ಮಂದಿಯ ನಡುವೆ ಕೂರುವುದು. ಹೊತ್ತೊಯ್ಯಲು ಮಾತ್ರ ಬಿಡುವುದಿಲ್ಲ. ಹೆಂಡತಿ ಒಬ್ಬಳೇ ಮುಟ್ಟಬಹುದು. ಆಕೆಯೋ ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು. ಕಂಕುಳಿಗೆ ಕೈ ಕೊಟ್ಟು ಎತ್ತಲು ಹೋಗಿ ಒಮ್ಮೆ ಅವಳ ಸೊಂಟ ಹಿಡಿದುಕೊಂಡಿತು.

“ನನ್ನ ನಡಾನೂ ಹೋತಂದ್ರ ಇಬ್ಬರೂ ಒಂದ ಹೊರಸಿನ್ಯಾಗ ಮಲಗೂದ. ಆಮ್ಯಾಲ ನೀರ ಕೊಡಾವ್ರ ಯಾರು?” ಎಂದು ಅವಳು ನನ್ನ ಮುಂದೆ ಅಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಆಗಲೇ.

ನಳ ಬಂದ ಮೇಲೆ ಬಾವಿಯ ಕಡೆ ಯಾರೂ ಹೋಗುತ್ತಿರಲಿಲ್ಲ. ಹನಮಂತವ್ವ ಅದರ ರಾಟೆ ಬಿಚ್ಚಿ ತಂದಳು, ಜಂಗು ತಿಕ್ಕಿ ಎಣ್ಣೆ ಹಾಕಿದಳು, ಹೊರಸಿನ ಪಕ್ಕಕ್ಕೆ ಬರುವಂತೆ ತೊಲೆಗೆ ಕಟ್ಟಿಸಿದಳು. ಏಣಿ ಹಿಡಿದವನು ನಾನು. ಎರಡು ಗೋಣಿಚೀಲ ಕೂಡಿಸಿ ದಬ್ಬಣದಿಂದ ಹೊಲಿದು ಜೋಲಿ ಮಾಡಿದಳು. ಗಂಡನನ್ನು ಅತ್ತಿತ್ತ ಹೊರಳಿಸಿ ಜೋಲಿಯನ್ನು ಅವನ ಅಡಿಗೆ ಸೇರಿಸಿ, ರಾಟೆಯ ಹಗ್ಗವನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿಗೆ ಜೋತುಬಿದ್ದು ಎಳೆದಳು. ಹೊಳೆಯಪ್ಪ ಅಲುಗಲಿಲ್ಲ. ಹನಮಂತವ್ವನ ಕಾಲು ನೆಲ ಬಿಟ್ಟವು. ಹಗ್ಗ ಹಿಡಿದ ಅವಳು ತೊಟ್ಟಿಲ ಕೂಸಿನ ಹಾಗೆ ತೂಗಾಡಿದಳು.

ಲಕ್ವಾ ಹೊಡೆದ ಮೇಲೆ ಹೊಳೆಯಪ್ಪ ಮೊದಲ ಸಲ ನಕ್ಕ. ಸೊಟ್ಟ ಬಾಯಿಯ ಆ ನಗು ನೋಡಿ ನನಗೆ ನಗು ಬರಲಿಲ್ಲ.

ಬೋರಿನಿಂದ ಮೋಟಾರು ಎತ್ತುವ ಮಹಬೂಬಸಾಬ ಆ ವಾರ ಊರಿಗೆ ಬಂದಿದ್ದ. ಹನಮಂತವ್ವ ಅವನನ್ನು ಕರೆದು ತೋರಿಸಿದಳು.

“ಯಕ್ಕಾ, ಒಂದ ರಾಟಿ ಭಾರ ಕಡಿಮಿ ಮಾಡೂದಿಲ್ಲ,” ಎಂದ ಅವನು. “ಮ್ಯಾಲ ಎತ್ತೂದನ್ನ ಕೆಳಗ ಜಗ್ಗಾಕ ಕೊಡತೈತಿ, ಅಷ್ಟ. ಕೊಡ ನಿನಗಿಂತ ಹಗುರ ಇತ್ತು, ಬಂತು. ಗಂಡ ನಿನಗಿಂತ ಭಾರ ಅದಾನ.”

“ಹಂಗಾರ ಏನ ಮಾಡ್ಲಿ?”

“ಇನ್ನೊಂದ ರಾಟಿ ಜೋಲಿಗೆ ಕಟ್ಟು. ಹಗ್ಗದ ಒಂದ ತುದಿ ತೊಲಿಗೆ ಇರಲಿ. ಅರ್ಧ ಭಾರ ತೊಲಿ ಹೊರತೈತಿ, ಅರ್ಧ ನಿನಗ. ಆದ್ರ ಪುಕ್ಕಟ ಏನೂ ಇಲ್ಲ. ಗೇಣ ಎತ್ತಾಕ ಎರಡ ಗೇಣ ಹಗ್ಗ ಜಗ್ಗಬೇಕು.”

“ಜಗ್ಗತೇನಿ. ಹಗ್ಗ ಜಗ್ಗೂದು ನನಗೇನ ಹೊಸಾದಲ್ಲ.”

ತನ್ನ ಪೆಟ್ಟಿಗೆಯಲ್ಲಿದ್ದ ಹಳೆಯ ರಾಟೆಯೊಂದನ್ನು ಅವನು ಕೊಟ್ಟು ಹೋದ. ಮರುದಿನ ಮುಂಜಾನೆ ಹನಮಂತವ್ವ ಹಗ್ಗವನ್ನು ಅವನು ಹೇಳಿದಂತೆ ಪೋಣಿಸಿ ಎಳೆದಳು. ಹೊಳೆಯಪ್ಪ ಎದ್ದ. ಹೊರಸಿಗೂ ಅವನಿಗೂ ನಡುವೆ ಬೆಳಕು ಕಂಡಿತು. ಆದರೆ ಅರ್ಧ ಭಾರವೂ ಅವಳ ಪಾಲಿಗೆ ಭಾರವೇ. ಸೊಂಟ ಮತ್ತೆ ಹಿಡಿಯಿತು, ಹಗ್ಗ ಅಂಗೈಯಿಂದ ಜಾರತೊಡಗಿತು. ನಾನು ಬಾಗಿಲಿನಿಂದ ಒಳಗೆ ಓಡಿದೆ. ಓಡಬೇಕಾಗಿರಲಿಲ್ಲ. ಜೋಲಿಯೊಳಗಿಂದ ಒಂದು ಬಲಗೈ ಮೇಲೆದ್ದು ಹಗ್ಗವನ್ನು ಗಪ್ಪನೆ ಹಿಡಿದಿತ್ತು.

“ನೀ ಬಿಡು,” ಎಂದ ಹೊಳೆಯಪ್ಪ. “ಕಂಬಕ್ಕ ಸುತ್ತು.”

ಹನಮಂತವ್ವ ಸಡಿಲಾದ ಹಗ್ಗವನ್ನು ಪಕ್ಕದ ಕಂಬಕ್ಕೆ ಒಂದು ಸುತ್ತು ಸುತ್ತಿ ಬಿಗಿಹಿಡಿದಳು. ಅವನು ಹಿಡಿತ ಮೇಲಕ್ಕೆ ಬದಲಿಸಿ ಮತ್ತೆ ಜಗ್ಗಿದ. ಅವಳು ಸಡಿಲಾದಷ್ಟನ್ನು ಮತ್ತೆ ಕಂಬಕ್ಕೆ ಎಳೆದುಕೊಂಡಳು. ಜೋಲಿಯಲ್ಲಿ ಕುಳಿತವನೇ ಜಗ್ಗಿದರೆ ಭಾರ ಮೂರು ಎಳೆಗಳಿಗೆ ಹಂಚಿಹೋಗುತ್ತದೆ ಎಂದು ಮಹಬೂಬಸಾಬ ಆಮೇಲೆ ಹೇಳಿದ. ಆಗ ನಮಗೆ ಅದು ಗೊತ್ತಿರಲಿಲ್ಲ. ಆ ತೋಳಿನ ನರ ಉಬ್ಬಿದ್ದು ಮಾತ್ರ ಕಾಣುತ್ತಿತ್ತು. ಗೇಣು ಎದ್ದ ಮೇಲೆ ಅವಳು ಒಂದು ಕೈಯಿಂದ ಜೋಲಿಯನ್ನು ಕುರ್ಚಿಯ ಮೇಲಕ್ಕೆ ತಳ್ಳಿ, ಇನ್ನೊಂದರಿಂದ ಹಗ್ಗವನ್ನು ಕಂಬದಿಂದ ಮೆಲ್ಲಗೆ ಬಿಟ್ಟಳು. ಹೊಳೆಯಪ್ಪ ಕುರ್ಚಿಯಲ್ಲಿದ್ದ.

ಅವನು ಗೂಟದ ಮೇಲಿನ ಪಟಗಾ ತೋರಿಸಿದ. ಅವಳು ಅದನ್ನು ತೆಗೆದು ಅವನ ತಲೆಗೆ ಸುತ್ತಿದಳು. ಹೊಸ್ತಿಲಿಗೆ ಹಲಗೆ ಓರೆಯಾಗಿ ಇಟ್ಟು, ಕುರ್ಚಿಯನ್ನು ಮೆಲ್ಲಗೆ ಇಳಿಸಿ, ದೂಡಿಕೊಂಡು ಗುಡಿಯ ಕಟ್ಟೆಗೆ ಹೋದಳು.

ಕಟ್ಟೆಯ ಮೇಲಿದ್ದ ಲಕ್ಷ್ಮಪ್ಪ ಎದ್ದು ನಿಂತ. ಹೊಳೆಯಪ್ಪನ ಹರೆಯದ ಗೆಳೆಯ ಅವನು. “ಯಾರ ಎತ್ತಿ ಕುಂಡ್ರಿಸಿದ್ರಲೇ ನಿನ್ನ?”

“ನಾನ ಎತ್ತೇನಿ,” ಎಂದ ಹೊಳೆಯಪ್ಪ.

ಕಟ್ಟೆಯವರೆಲ್ಲ ಭಲೇ ಅಂದರು. ನನಗೆ ರೇಗಿತು. ಇವನ ಸೊಕ್ಕಿಗೆ ಲಕ್ವಾ ಹೊಡೆಯಲಿಲ್ಲವಲ್ಲ ಅಂದುಕೊಂಡೆ. ಹನಮಂತವ್ವ ಕುರ್ಚಿಯ ಹಿಂದೆ ನಿಂತು, ಹಗ್ಗ ಉಜ್ಜಿ ಕೆಂಪಾದ ಅಂಗೈಯನ್ನು ಸೆರಗಿಗೆ ಒತ್ತಿಕೊಳ್ಳುತ್ತಿದ್ದಳು.

ಹೊಳೆಯಪ್ಪ ಬಹಳ ಹೊತ್ತು ಗುಂಡುಕಲ್ಲನ್ನೇ ನೋಡಿದ. ಆಮೇಲೆ ಬಲಗೈ ಎತ್ತಿ ತಲೆಯ ಪಟಗಾ ಬಿಚ್ಚಿ, ಹಿಂದೆ ನಿಂತ ಹೆಂಡತಿಗೆ ಚಾಚಿದ.

“ನೀ ಸುತ್ತಗೋ,” ಎಂದ.

ಪಟಗಾ ಹೆಣ್ಣೊಬ್ಬಳ ಕೈಗೆ ಹೋಗುತ್ತಿದ್ದದ್ದು ಒಗೆಯಲಿಕ್ಕೆ, ಅವಳ ತಲೆಗೆ ಎಂದೂ ಏರಿದ್ದಿಲ್ಲ. ಹನಮಂತವ್ವ ಅದನ್ನು ತೆಗೆದುಕೊಂಡಳು, ಅದರ ತುದಿಯಿಂದ ಅವನ ಸೊಟ್ಟ ಬಾಯಿಯ ಜೊಲ್ಲು ಒರೆಸಿದಳು, ಮಡಚಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

“ಬಿಸಲ ಏರೂ ಮುಂಚೆ ಹೋಗೂಣು ನಡೀರಿ,” ಎಂದಳು. “ಮತ್ತ ಎತ್ತೂದೈತಿ.”